ಡಿಜಿಟಲ್ ಸಂಸದ್ ಜಾಲತಾಣ: ಪ್ರಶ್ನೋತ್ತರಕ್ಕೆ ಭೇಷ್, ಕನ್ನಡದ ಭಾಷಣಕ್ಕೆ ಅನ್ಯಾಯ

ಬೆಳಗಾವಿ, ಚಿಕ್ಕೋಡಿ, ಬಾಗಲಕೋಟೆ, ವಿಜಯಪುರದ ಸಂಸದರು ದಿಲ್ಲಿಯಲ್ಲಿ ಏನು ಮಾತಾಡಿದರು ಎಂದು ತಿಳಿಯಲು ವಾಟ್ಸ್‌ಆ್ಯಪ್‌ನ ತುಣುಕು ವಿಡಿಯೋ ನೆಚ್ಚಬೇಡಿ. ಸಂಸತ್ತಿನದೇ ಡಿಜಿಟಲ್ ಸಂಸದ್ ಜಾಲತಾಣವಿದೆ, ಅದೂ ಪುಕ್ಕಟೆ.

ಇದರ ನಿಜವಾದ ಬಲ ಪ್ರಶ್ನೋತ್ತರ ವಿಭಾಗ. ಲೋಕಸಭೆ ಆರಿಸಿ, ಪ್ರಶ್ನೆಗಳ ಪುಟದಲ್ಲಿ ಅಧಿವೇಶನ, ಸದಸ್ಯ, ಸಚಿವಾಲಯ ತುಂಬಿದರೆ ಉತ್ತರದ ಪಿಡಿಎಫ್ ಕೈಗೆ ಬರುತ್ತದೆ. ಬಹಳ ಜನ ಎಡವುವುದು ಸಚಿವಾಲಯದ ಆಯ್ಕೆಯಲ್ಲಿ. ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ಗೊತ್ತುಪಡಿಸುವ ಕನಿಷ್ಠ ದರ), ಕಾರ್ಖಾನೆಗಳ ಬಾಕಿ ಬಿಲ್ಲನ್ನು ಕೃಷಿ ಸಚಿವಾಲಯದಲ್ಲಿ ಹುಡುಕಿದರೆ ಕೈಗೆ ಹತ್ತುವುದಿಲ್ಲ. ಸಕ್ಕರೆ ಇರುವುದು ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣಾ ಸಚಿವಾಲಯದಲ್ಲಿ. ಆಲಮಟ್ಟಿ ಎತ್ತರ 524.256 ಮೀಟರಿಗೆ ಏರುವ ವಿಚಾರ, ಕೃಷ್ಣಾ ನ್ಯಾಯಮಂಡಳಿ ತೀರ್ಪಿನ ಗೆಜೆಟ್ ಅಧಿಸೂಚನೆ ಜಲಶಕ್ತಿಗೆ ಸೇರಿದ್ದು. 2019ಕ್ಕಿಂತ ಹಿಂದಿನದಾದರೆ ಜಲಸಂಪನ್ಮೂಲ ಎಂದು ಹುಡುಕಿ. ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ರೈಲ್ವೆ.

ಪ್ರಶ್ನೆಗಳ ಸಂಖ್ಯೆ ಎಣಿಸಿ ಸಂಸದರಿಗೆ ಅಂಕ ಕೊಡುವುದು ಮಾತ್ರ ತಪ್ಪು. ಒಂದೇ ಉತ್ತರದ ತಲೆಯಲ್ಲಿ ಹಲವು ಸದಸ್ಯರ ಹೆಸರು ಜೋಡಿಸಿರುತ್ತಾರೆ. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ: ವಿಜಯಪುರದ ಸಂಸದ ರಮೇಶ ಜಿಗಜಿಣಗಿಯವರು 2016ರಿಂದ 2019ರವರೆಗೆ ರಾಜ್ಯ ಸಚಿವರಾಗಿದ್ದರು, ಆ ಅವಧಿಯ ಖಾಲಿ ಪಟ್ಟಿಯನ್ನು ಮೌನ ಎಂದು ಓದಬಾರದು. ಅವರ 2004ರ ಅವಧಿಯ ಮಾತು ಬೇಕಿದ್ದರೆ ಕ್ಷೇತ್ರ ಚಿಕ್ಕೋಡಿ, ವಿಜಯಪುರ ಅಲ್ಲ. ದಿನಕ್ಕೆ 20 ಚುಕ್ಕೆ ಗುರುತಿನ (ಮಂತ್ರಿಯಿಂದ ಬಾಯಿಮಾತಿನ ಉತ್ತರ ಕೋರುವ) ಪ್ರಶ್ನೆ ಪಟ್ಟಿಯಾದರೂ ಒಂದು ತಾಸಿನಲ್ಲಿ ಸದನದಲ್ಲಿ ಚರ್ಚೆಗೆ ಬರುವುದು ಕೆಲವೇ. ಉಪಪ್ರಶ್ನೆ ಹಾಕಿ ಮಂತ್ರಿಯನ್ನು ಹಿಡಿದು ಕೇಳಿದ್ದು ಪಿಡಿಎಫ್‌ನಲ್ಲಿ ಇರುವುದಿಲ್ಲ, ಚರ್ಚೆಯ ಪ್ರತಿಯಲ್ಲಿ ನೋಡಬೇಕು.

ಆ ಪ್ರತಿ ಓದುವಾಗ ನಕ್ಷತ್ರದ ಗುರುತಿನ ಮೇಲೆ ಕಣ್ಣಿಡಿ. ಮಸೂದೆಯ ಮೇಲಿನ ಭಾಷಣಕ್ಕೆ ನಕ್ಷತ್ರ ಹಾಕಿ, ಸದನದ ಮೇಜಿನ ಮೇಲೆ ಮಂಡಿಸಿದ್ದು ಎಂದು ಅಡಿಟಿಪ್ಪಣಿ ಕೊಟ್ಟಿದ್ದರೆ ಅದು ಬರೆದು ಕೊಟ್ಟ ಭಾಷಣ, ಎದ್ದು ನಿಂತು ಆಡಿದ್ದಲ್ಲ. ಸದಸ್ಯರು ಸಾರ್ವಜನಿಕ ಮಹತ್ವದ ವಿಷಯ ಎತ್ತುವ ನಿಯಮ 377ರ ವಿಷಯಗಳಲ್ಲೂ ಹೀಗೆ ಮಂಡಿಸಿದ್ದೆಂದು ಪರಿಗಣಿಸಿದವು ಬಹಳ. ಎರಡಕ್ಕೂ ದಾಖಲೆಯಲ್ಲಿ ಜಾಗವಿದೆ, ತೂಕ ಒಂದೇ ಅಲ್ಲ.

ನಮಗೆ ನೋವಾಗುವ ಕೊರತೆ ಇದು: ಸದನದಲ್ಲಿ ಕನ್ನಡದಲ್ಲೇ ಆಡಿದ ಮಾತು ಇಲ್ಲಿ ಕನ್ನಡದಲ್ಲಿ ಸಿಗುವುದಿಲ್ಲ. ಇಂಗ್ಲಿಷ್ ಅನುವಾದ ಅಚ್ಚಾಗಿ, ಮೂಲ ಭಾಷಣ ಕನ್ನಡದಲ್ಲಿತ್ತು ಎಂಬ ಒಂದು ಸಾಲು ಕೆಳಗಿರುತ್ತದೆ. ಸಂಸದರ ಸ್ವಂತ ಮಾತು ಬೇಕೆಂದರೆ ಸಂಸದ್ ಟಿವಿಯ ವಿಡಿಯೋ ಹುಡುಕಬೇಕು. ಜಮಖಂಡಿಯ ರೈತ ತನ್ನ ಕಬ್ಬಿನ ಬಗ್ಗೆ ಸಂಸದರು ಕನ್ನಡದಲ್ಲಿ ಆಡಿದ ಮಾತನ್ನು ಇಂಗ್ಲಿಷಿನಲ್ಲಿ ಓದಬೇಕೆ? ಇದು ಸರಿಯಾಗಲೇಬೇಕು.

ಹಳೆಯ ಲೋಕಸಭೆಗಳ ಚರ್ಚೆಗೆ ಸಂಸತ್ತಿನ ಡಿಜಿಟಲ್ ಗ್ರಂಥಾಲಯ ಇದಕ್ಕಿಂತ ವಾಸಿ. ಹೊಸ ಚರ್ಚೆಯ ತಿದ್ದದ ಪ್ರತಿ ಬೇಗ ಬರುತ್ತದೆ, ಓದಿಕೊಳ್ಳಲು ಸಾಕು. ಪತ್ರಿಕೆಗೋ ಮನವಿಗೋ ಸಾಲು ಎತ್ತಿಕೊಳ್ಳುವುದಾದರೆ ತಿದ್ದಿದ ಪ್ರತಿ ಬರುವ ತನಕ ಕಾಯಿರಿ.