ಇಂಟರ್‌ನ್ಯಾಷನಲ್ ಶಾಲೆಗೆ ಹೊರಟ ಮೇಷ್ಟ್ರಿಗೆ ದಾವಣಗೆರೆಯ ಭಾನುವಾರದ ಕೋರ್ಸ್: ಕೊಟ್ಟ ದುಡ್ಡಿಗೆ ಏನು ಸಿಗುತ್ತೆ?

ಎಂಟು ಭಾನುವಾರ, ಬೆಳಗ್ಗೆ 10ರಿಂದ ಸಂಜೆ 4, ಫೀ 12,000 ರೂಪಾಯಿ. ಬಿ.ಎಡ್. ಮುಗಿಸಿ ಬೆಂಗಳೂರಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್), ಕೇಂಬ್ರಿಡ್ಜ್ ಪಠ್ಯಕ್ರಮದ ಶಾಲೆಗಳಿಗೋ ಗಲ್ಫ್‌ಗೋ ಹೋಗಬೇಕು ಅಂದುಕೊಂಡಿರುವ ಕನ್ನಡ–ಇಂಗ್ಲಿಷ್ ಟೀಚರ್‌ಗಳಿಗೆ ಅಂತಲೇ ದಾವಣಗೆರೆಯಲ್ಲಿ ನಡೆಯುವ ತರಬೇತಿ ಇದು. ಕೇಂದ್ರದ ಹೆಸರು ಇಲ್ಲಿ ಬೇಡ. ಇಂಥ ಯಾವ ಕೋರ್ಸ್ ಸೇರುವುದಾದರೂ ನೋಡಬೇಕಾದ ಅಂಶಗಳು ಇವೇ.

ಮೊದಲು ಚೆನ್ನಾಗಿರುವುದನ್ನು ಹೇಳಬೇಕು: ಪಾಠಯೋಜನೆಯ ಎರಡು ವಾರ. ನಮ್ಮ ಬಿ.ಎಡ್. ಪಾಠಯೋಜನೆಯಲ್ಲಿ ವಿಷಯದ ಉದ್ದೇಶ ಇರುತ್ತೆ, ಭಾಷೆಯ ಉದ್ದೇಶ ಇರುವುದಿಲ್ಲ. ಇಲ್ಲಿ ಮೂರು ಕಾಲಂ ಬರೆಸುತ್ತಾರೆ. ಮಗು ಏನು ಕಲಿಯಬೇಕು, ಅದನ್ನು ಹೇಳೋಕೆ ಯಾವ ಮಾತು ಬೇಕು, ಆ ಮಾತು ಬರದಿದ್ದರೆ ಏನು ಆಸರೆ ಕೊಡಬೇಕು. ಆರನೇ ಕ್ಲಾಸಿನ ನೀರಿನ ಚಕ್ರದ ಪಾಠ ತಗೊಳ್ಳಿ. ಬೇಸಿಗೆಯಲ್ಲಿ ಸೂಳೆಕೆರೆ ಯಾಕೆ ಇಳಿಯುತ್ತೆ ಅಂತ ಕೇಳಿದರೆ ಚನ್ನಗಿರಿ ಕಡೆಯ ಹುಡುಗ ‘ನೀರು ಆರಿ ಹೋತು ಸಾರ್’ ಅಂತಾನೆ. ವಿಜ್ಞಾನ ಅವನಿಗೆ ಅರ್ಧ ಗೊತ್ತಿದೆ. ಅಲ್ಲಿಂದ ‘ನೀರು ಆವಿಯಾಯಿತು’, ಆಮೇಲೆ ‘ದಿ ವಾಟರ್ ಎವಾಪೊರೇಟೆಡ್’. ಮೂರನ್ನೂ ಬೋರ್ಡಿನ ಎಡದಿಂದ ಬಲಕ್ಕೆ ಒಂದೇ ಸಾಲಿನಲ್ಲಿ ಬರೆದು, ಪಾಠ ಮುಗಿಯುವವರೆಗೆ ಅಳಿಸಬಾರದು ಅನ್ನುವುದು ತರಬೇತುದಾರರ ನಿಯಮ. ‘ಬಿಕಾಸ್’, ‘ಆ್ಯಸ್ ಎ ರಿಸಲ್ಟ್’ ಥರದ ಜೋಡಿಸುವ ಮಾತುಗಳನ್ನು ಬೇರೆಯಾಗಿ ಪಟ್ಟಿ ಮಾಡಿಸುತ್ತಾರೆ. ಅದು ಸರಿಯಾದ ಕ್ರಮ. ಮಕ್ಕಳು ಎಡವುವುದು ದೊಡ್ಡ ಪಾರಿಭಾಷಿಕ ಪದಗಳಲ್ಲಿ ಅಷ್ಟಾಗಿ ಅಲ್ಲ, ಕಾರಣ ಹೇಳುವ ವಾಕ್ಯ ಕಟ್ಟುವಾಗ.

40 ನಿಮಿಷದ ಪೀರಿಯಡ್ಡನ್ನು ಹಂಚುವ ರೀತಿಯೂ ಉಪಯೋಗಕ್ಕೆ ಬರುವಂಥದ್ದು. ಮೊದಲ 6 ನಿಮಿಷ ಕನ್ನಡದಲ್ಲಿ ಪೀಠಿಕೆ, ನಡುವಿನ 26 ನಿಮಿಷ ಇಂಗ್ಲಿಷಿನಲ್ಲಿ ಪಾಠ, ಕೊನೆಯ 8 ನಿಮಿಷ ಮಕ್ಕಳೇ ಕನ್ನಡದಲ್ಲಿ ತಿರುಗಿ ಹೇಳುವುದು. ನಮ್ಮ ಕಡೆ ರೂಢಿಯಲ್ಲಿರುವುದು ಬೇರೆ: ಒಂದು ಸಾಲು ಇಂಗ್ಲಿಷ್, ತಕ್ಷಣ ಅದರದೇ ಕನ್ನಡ. ಹೀಗೆ ಮಾಡಿದರೆ ಎರಡೇ ವಾರದಲ್ಲಿ ಮಕ್ಕಳು ಇಂಗ್ಲಿಷ್ ಸಾಲಿಗೆ ಕಿವಿ ಕೊಡುವುದನ್ನೇ ಬಿಡುತ್ತಾರೆ; ಹೇಗೂ ಮುಂದಿನದು ಕನ್ನಡದಲ್ಲಿ ಬರುತ್ತಲ್ಲ. ಇಂಟರ್‌ನ್ಯಾಷನಲ್ ಶಾಲೆಯ ಡೆಮೊ ಕ್ಲಾಸಿನಲ್ಲಿ ಒಳ್ಳೊಳ್ಳೆ ಟೀಚರ್‌ಗಳು ಸೋಲುವುದು ಈ ಅಭ್ಯಾಸದಿಂದಲೇ. ತರಬೇತುದಾರರು ಇದನ್ನು ನಿರ್ದಾಕ್ಷಿಣ್ಯವಾಗಿ ತಿದ್ದುತ್ತಾರೆ, ಅದಕ್ಕೆ ಪೂರ್ತಿ ಅಂಕ.

ಆದರೆ ಅಭ್ಯಾಸಕ್ಕೆ ಸಿಗುವ ಸಮಯ ತೀರಾ ಕಮ್ಮಿ. ಬ್ಯಾಚಿನಲ್ಲಿ 18 ಜನ, ತಲೆಗೆ ಒಂದೇ ಸಲ 20 ನಿಮಿಷದ ಪಾಠ, ಅದೂ ಜೊತೆಗಾರ ಟೀಚರ್‌ಗಳ ಮುಂದೆ. ಹೋಲಿಕೆಗೆ ಹೇಳುವುದಾದರೆ, ಇಂಗ್ಲಿಷ್ ಕಲಿಸುವವರಿಗೆ ಅಂತ ಇರುವ ಕೇಂಬ್ರಿಡ್ಜಿನ ಸೆಲ್ಟಾ ಕೋರ್ಸಿನಲ್ಲಿ ನಿಜವಾದ ಕಲಿಯುವವರ ಮುಂದೆ 6 ಗಂಟೆ ಪಾಠ ಮಾಡಲೇಬೇಕು, ಅನುಭವಿಗಳ ಪಾಠವನ್ನು 6 ಗಂಟೆ ಕೂತು ನೋಡಬೇಕು, ನಾಲ್ಕು ಲಿಖಿತ ಅಸೈನ್‌ಮೆಂಟ್ ಬರೆಯಬೇಕು. ಅದರ ಫೀಯೂ ಹಾಗೇ ಇರುತ್ತೆ ಅನ್ನಿ.

ಸಿದ್ಧಾಂತದ ಕ್ಲಾಸಿನಲ್ಲಿ ಒಂದು ತಪ್ಪು ಕಿವಿಗೆ ಹೊಡೆಯುತ್ತೆ. ‘ಎರಡು ವರ್ಷದಲ್ಲಿ ಮಗುವಿಗೆ ಇಂಗ್ಲಿಷ್ ಬಂದುಬಿಡುತ್ತೆ’ ಅನ್ನುತ್ತಾರೆ. ಎರಡು ವರ್ಷದಲ್ಲಿ ಬರುವುದು ಆಟದ ಮೈದಾನದ ಮಾತು. ಪಾಠ ಓದಿ, ವಾದ ಮಾಡಿ, ಉತ್ತರ ಬರೆಯುವ ಭಾಷೆಗೆ ಸಾಮಾನ್ಯವಾಗಿ 5ರಿಂದ 7 ವರ್ಷ ಬೇಕು ಅಂತ ಕೆನಡಾದ ಜಿಮ್ ಕಮಿನ್ಸ್ ದಶಕಗಳ ಹಿಂದೆಯೇ ತೋರಿಸಿದ್ದಾರೆ. ಇದು ಗೊತ್ತಿಲ್ಲದ ಟೀಚರ್ ಚೆನ್ನಾಗಿ ಮಾತಾಡುವ ಮಗು ಬರೆಯದಿದ್ದಾಗ ‘ಸೋಮಾರಿ’ ಅಂತ ಷರಾ ಹಾಕುತ್ತಾರೆ. ಅಂಥ ಒಂದು ಷರಾ ರಿಪೋರ್ಟ್ ಕಾರ್ಡಿನಲ್ಲಿ ಕೂತರೆ ಮುಂದಿನ ಟೀಚರೂ ಅದನ್ನೇ ನಂಬುತ್ತಾರೆ.

ದೊಡ್ಡ ತಕರಾರು ಕನ್ನಡದ ಬಗ್ಗೆ. ಎಂಟು ವಾರದಲ್ಲಿ ಮೂರು ವಾರ ಉಚ್ಚಾರಣೆ ತಿದ್ದೋದಕ್ಕೇ ಹೋಗುತ್ತೆ. ಕನ್ನಡ ಅಂದರೆ ಇಂಟರ್‌ವ್ಯೂನಲ್ಲಿ ಮುಚ್ಚಿಡಬೇಕಾದ ವಸ್ತು ಅನ್ನುವ ಧೋರಣೆ. ಇದು ಕೆಲಸ ಸಿಗುವ ಲೆಕ್ಕದಲ್ಲೂ ತಪ್ಪು. ಪ್ರತಿ ಐಬಿ ಶಾಲೆಯೂ ಲಿಖಿತ ಭಾಷಾ ನೀತಿ ಇಟ್ಟುಕೊಳ್ಳಬೇಕು, ಅದರಲ್ಲಿ ಮಕ್ಕಳ ಮನೆಮಾತಿಗೆ ಏನು ಬೆಂಬಲ ಕೊಡುತ್ತೇವೆ ಅಂತ ಬರೆಯಬೇಕು. ಶಾಲೆಯಲ್ಲಿ ಆ ಭಾಷೆಯ ಕ್ಲಾಸ್ ಇಲ್ಲದಿದ್ದರೂ ಐಬಿ ಡಿಪ್ಲೊಮಾ (ಪಿಯುಸಿ ಮಟ್ಟದ) ವಿದ್ಯಾರ್ಥಿ ತನ್ನ ಭಾಷೆಯ ಸಾಹಿತ್ಯವನ್ನು ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಸ್ವಂತವಾಗಿ ಓದಲು ದಾರಿಯಿದೆ, ಅದಕ್ಕೆ ಶಾಲೆ ಬೆಂಬಲ ಕೊಡಬೇಕು. ಕರ್ನಾಟಕದೊಳಗೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೂ ಕನ್ನಡ ಕಲಿಸುವ ಹೊಣೆ ಹೊರಿಸಿದೆ. ಸಿ.ವಿ.ಯ ಮೊದಲ ಪುಟದಲ್ಲಿ ಇರಬೇಕಾದ ಅರ್ಹತೆಯನ್ನು ‘ಗೊತ್ತಿರುವ ಭಾಷೆಗಳು’ ಅನ್ನುವ ಕೊನೆಯ ಸಾಲಿಗೆ ತಳ್ಳಿಸುವುದು ಯಾವ ಲೆಕ್ಕ? ಎರಡು ಭಾಷೆಯಲ್ಲೂ ಒಂದೇ ವಿಷಯ ಕಲಿಸಿದ ಒಂದು ಘಟಕದ ಪಾಠಯೋಜನೆ, ಅದರ ಜೊತೆ ಮಕ್ಕಳ ಎರಡು ಮೂರು ಉತ್ತರಪತ್ರಿಕೆ, ಹೆಸರು ಮುಚ್ಚಿ. ಇಷ್ಟು ಫೈಲಿನಲ್ಲಿದ್ದರೆ ಅಮೆರಿಕನ್ ಉಚ್ಚಾರಣೆಗಿಂತ ಹೆಚ್ಚು ತೂಕ.

ಸರ್ಟಿಫಿಕೇಟಿನ ವಿಷಯ ಸ್ಪಷ್ಟ ಇರಲಿ. ಕೊನೆಗೆ ಸಿಗುವುದು ಹಾಜರಾತಿಯ ಪತ್ರ, ಕೇಂಬ್ರಿಡ್ಜಿನದಲ್ಲ. ‘ಟಿಕೆಟಿ ತಯಾರಿ’ ಅಂದರೆ ಕೇಂಬ್ರಿಡ್ಜ್ ಟೀಚರ್‌ಗಳಿಗೆ ನಡೆಸುವ ಟೀಚಿಂಗ್ ನಾಲೆಡ್ಜ್ ಟೆಸ್ಟ್‌ಗೆ ತಯಾರಿ ಮಾತ್ರ. ಪರೀಕ್ಷೆಯನ್ನು ಅಧಿಕೃತ ಕೇಂದ್ರದಲ್ಲೇ ಬರೆಯಬೇಕು, ಫೀ ಬೇರೆ. ಅದರ ಕ್ಲಿಲ್ (ವಿಷಯವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಸುವ ಕ್ರಮ) ಮಾಡ್ಯೂಲ್ ದ್ವಿಭಾಷಾ ಟೀಚರ್‌ಗಳಿಗೆ ನೇರ ಸಂಬಂಧಪಟ್ಟದ್ದು: 80 ಪ್ರಶ್ನೆ, 80 ನಿಮಿಷ, ಪಾಸು-ಫೇಲು ಇಲ್ಲ, 1ರಿಂದ 4ರವರೆಗೆ ಬ್ಯಾಂಡ್. ಉಳಿದ ಮಾಡ್ಯೂಲ್ ಬರೆಯದೆ ಇದೊಂದನ್ನೇ ಬರೆಯಬಹುದು.

ಅಚ್ಚರಿ ಎಂಬಂತೆ, ಇಡೀ ಕೋರ್ಸಿನಲ್ಲಿ ಅತಿ ಬೆಲೆಬಾಳುವ ದಿನ ಏಳನೇ ಭಾನುವಾರ, ವಿದೇಶದ ಕೆಲಸಕ್ಕೆ ದೃಢೀಕರಿಸಬೇಕಾದ ದಾಖಲೆಗಳದ್ದು. ಮಾರ್ಕ್ಸ್‌ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿಟ್ಟವರು ನಮ್ಮಲ್ಲಿ ಮನೆಗೊಬ್ಬರು. ದೃಢೀಕರಣದ ಮೊಹರು ಪ್ಲಾಸ್ಟಿಕ್ಕಿನ ಮೇಲೆ ಕೂರುವುದಿಲ್ಲ, ಕೀಳಲು ಹೋದರೆ ಕಾಗದದ ಜೊತೆ ಅಕ್ಷರವೂ ಎದ್ದು ಬರುತ್ತೆ. ತಾತ್ಕಾಲಿಕ ಪ್ರಮಾಣಪತ್ರ ಸಾಲದು, ಘಟಿಕೋತ್ಸವದ ಪದವಿ ಪ್ರಮಾಣಪತ್ರವೇ ಬೇಕು. ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕೂ ಹಿಂದೆ ಇಲ್ಲಿನ ಕಾಲೇಜುಗಳಲ್ಲಿ ಕುವೆಂಪು ವಿವಿ ಪದವಿ ಪಡೆದವರು ಪರಿಶೀಲನೆಗೆ ತೋಳಹುಣಸೆಯ ದಾವಣಗೆರೆ ವಿವಿಗೆ ಹೋಗಿ ಪ್ರಯೋಜನವಿಲ್ಲ, ಕುವೆಂಪು ವಿವಿ ಇರುವ ಶಂಕರಘಟ್ಟಕ್ಕೇ ಹೋಗಬೇಕು. ಮಾರ್ಕ್ಸ್‌ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇರುವವರು ಅದನ್ನು ಮೊದಲೇ ಸರಿಮಾಡಿಸಿಕೊಳ್ಳಬೇಕು. ರಾಜ್ಯ ಮಟ್ಟದ ದೃಢೀಕರಣ ಆದಮೇಲೆ ವಿದೇಶಾಂಗ ಸಚಿವಾಲಯ. ಒಮಾನ್, ಬಹರೇನ್‌ಗೆ ಅಪೊಸ್ಟಿಲ್ (ಆ ಸಚಿವಾಲಯವೇ ಕೊಡುವ ಅಂತರರಾಷ್ಟ್ರೀಯ ದೃಢೀಕರಣ) ಸಾಕು, ಯುಎಇ, ಕತಾರ್‌ಗೆ ರಾಯಭಾರ ಕಚೇರಿಯ ಮೊಹರೂ ಬೇಕು. ಇದೆಲ್ಲವನ್ನೂ ಅವರು ನಿಜವಾದ ಕಾಗದ ಕೈಗೆ ಕೊಟ್ಟು ಹಿಂದೆ ಮುಂದೆ ತಿರುಗಿಸಿ ತೋರಿಸುತ್ತಾರೆ.

ಶಿಫಾರಸಿನ ಬಗ್ಗೆಯೂ ಕೋರ್ಸಿನಲ್ಲಿ ಒಂದು ಮಾತು ಸೇರಿಸಬೇಕಿತ್ತು. ಇಂಟರ್‌ನ್ಯಾಷನಲ್ ಶಾಲೆಗಳು ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಈಗಿನ ಮುಖ್ಯೋಪಾಧ್ಯಾಯರಿಗೆ ತಾವೇ ಬರೆದು ಅಭ್ಯರ್ಥಿಯ ಬಗ್ಗೆ ಗೋಪ್ಯವಾಗಿ ಕೇಳುತ್ತವೆ. ನಮ್ಮ ಶಾಲೆಗಳ ಹೆಡ್‌ಮೇಷ್ಟ್ರಿಗೆ ಎಷ್ಟೋ ಕಡೆ ಜಿಮೇಲ್ ವಿಳಾಸ ಬಿಟ್ಟರೆ ಬೇರೆ ಇರುವುದಿಲ್ಲ, ಅದಕ್ಕೆ ಅನುಮಾನ ಬರುತ್ತೆ. ಶಾಲೆಯ ಹೆಸರಿನ ಇಮೇಲ್ ಮಾಡಿಸಿಕೊಳ್ಳಿ, ಇಲ್ಲವೇ ಲೆಟರ್‌ಹೆಡ್‌ನಲ್ಲಿ ಲ್ಯಾಂಡ್‌ಲೈನ್ ನಂಬರ್ ಹಾಕಿಸಿ. ಕೆಲಸ ಬಿಡುವುದನ್ನು ಹೆಡ್‌ಮೇಷ್ಟ್ರಿಗೆ ಹೇಳದೆ ಅರ್ಜಿ ಹಾಕುವ ಆಟ ಅಲ್ಲಿ ನಡೆಯುವುದಿಲ್ಲ.

‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಅನ್ನುವ ಬೋರ್ಡನ್ನು ನಂಬಿ ಸೇರಬೇಡಿ. ಗ್ಯಾರಂಟಿ ಅಂದರೆ ನಿಮ್ಮ ಸಿ.ವಿ.ಯನ್ನು ಒಬ್ಬ ಏಜೆಂಟರಿಗೆ ಕಳಿಸುವುದು, ಅಷ್ಟೇ. ವಿದೇಶದ ಕೆಲಸಕ್ಕೆ ಆಳು ಕಳಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು, ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರುವಂತಿಲ್ಲ. ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟರ ಹೆಸರು ಹುಡುಕಿ ನೋಡಿ. ಶಾಲೆಯ ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಅಂತಿದ್ದರೆ ಐಬಿ ಅಥವಾ ಕೇಂಬ್ರಿಡ್ಜಿನ ಜಾಲತಾಣದಲ್ಲಿ ಆ ಶಾಲೆ ಇದೆಯಾ ಅಂತಲೂ ನೋಡಿ.

ಸೇರುವವರು ಬ್ಯಾಚಿನ ತಿಂಗಳನ್ನು ಗಮನಿಸಬೇಕು. ಆಗಸ್ಟಿನಲ್ಲಿ ಶುರುವಾಗುವ ಶಾಲೆಗಳ ನೇಮಕಾತಿ ಬಹುಪಾಲು ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಯುತ್ತೆ, ಗಲ್ಫ್‌ನ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ಗೇ ಶುರು. ಕೇಂದ್ರದವರು ಬೇಸಿಗೆ ರಜೆಯಲ್ಲಿ ನಡೆಸುವ ಬ್ಯಾಚ್ ಮುಗಿಯುವಾಗ ಮೇ ಕಳೆದಿರುತ್ತೆ. ಆಗಸ್ಟ್–ಸೆಪ್ಟೆಂಬರ್ ಬ್ಯಾಚ್ ಮಾಡುತ್ತೀರಾ ಅಂತ ಮೊದಲು ಕೇಳಿ, ಪಾಠಯೋಜನೆ ಮತ್ತು ದಾಖಲೆಗಳ ಮೂರು ಭಾನುವಾರಕ್ಕಷ್ಟೇ ಫೀ ಕಟ್ಟಬಹುದಾ ಅಂತಲೂ ಕೇಳಿ.