ಎನ್‌ಐಸಿಯು (ಹಸುಗೂಸುಗಳ ಐಸಿಯು) ವಾರ್ಡಿನಲ್ಲಿರುವ ಕೂಸಿಗೆ ಏನು ಕೊಡ್ತಿದ್ದಾರೆ ಅಂತ ಕೇಳಿ, ರಾಯಚೂರಿನವರು ದಯವಿಟ್ಟು ಓದಿ

ರಾಯಚೂರಿನ ಒಂದು ಖಾಸಗಿ ಆಸ್ಪತ್ರೆ. ನನ್ನ ತಂಗಿಯ ಕೂಸು ಹುಟ್ಟಿದ ಕೂಡಲೇ ನೀಲಿಯಾಯಿತು. ಶ್ವಾಸಕೋಶದ ರಕ್ತನಾಳ ಬಿಚ್ಚಿಕೊಂಡಿಲ್ಲ, ಅಲ್ಲಿ ಬಿಪಿ ಜಾಸ್ತಿ ಇದೆ ಅಂದರು. ಅಷ್ಟೇ ಹೇಳಿದ್ದು. ಆಮೇಲೆ ಒಳಗಿಂದ ಚೀಟಿ ಬರೋದು, ನಾವು ಓಡೋದು. ನಿಮಗೆ ಗೊತ್ತಿರೋದೇ ಅಲ್ವಾ.

ರಾತ್ರಿ ಬಂದ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನ ಹುಡುಗ ಚೀಟಿ ನೋಡಿ ನಕ್ಕ. "ಯಾರಿಗ್ರೀ ಸರ್?" ಅಂದ. ಹಸುಗೂಸಿಗೆ ಅಂದೆ. ನಗು ನಿಂತಿತು. "ಸಿಲ್ಡೆನಾಫಿಲ್ ಐತ್ರಿ ಇದು, ವಯಾಗ್ರ. ಇನ್ನೊಮ್ಮೆ ಕೇಳ್ಕೊಂಡು ಬರ್ರಿ." ಹಿಂದೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೊಟ್ಟೆಯಲ್ಲಿ ಬೆಂಕಿ ಬಿದ್ದಂಗಾಯಿತು.

ವಾಪಸ್ ಓಡಿದರೆ ಸಿಸ್ಟರ್, "ಸಾಹೇಬ್ರು ಬರೆದದ್ದು ಸರಿನೇ ಐತಿ, ಲಗೂ ತರ್ರಿ" ಅಂದರು. ತಂದುಕೊಟ್ಟೆ. ಗಾಜಿನಾಚೆ ಆ ಗುಳಿಗೆ ಪುಡಿ ಮಾಡಿ, ನೀರಲ್ಲಿ ಕಲಸಿ, ಸಿರಿಂಜಿಗೆ ಎಳೆದುಕೊಂಡದ್ದನ್ನು ಕಣ್ಣಾರೆ ನೋಡಿದೆ.

ಮರುದಿನ ಕೂಸಿನ ಇಡೀ ಮೈಯ ಬಿಪಿನೇ ಇಳಿದುಹೋಯಿತು. ಆಗ ಒಂದು ಫಾರಂ ಬಂತು. ಔಷಧಿಯ ವಿಚಾರ ತಿಳಿಸಿದ್ದಾರೆ, ನಮ್ಮ ಒಪ್ಪಿಗೆ ಇದೆ ಅಂತ ಬರೆದಿತ್ತು. ತಾರೀಕು ಹಿಂದಿನ ದಿನದ್ದು! ಯಾರು ತಿಳಿಸಿದರು? ಯಾವಾಗ ತಿಳಿಸಿದರು? ಡಾಕ್ಟರನ್ನು ಕೇಳಿದರೆ, "ಎಲ್ಲಾ ಕಡೆ ಇದನ್ನೇ ಕೊಡ್ತಾರ. ಮೊಬೈಲ್ ನೋಡಿ ಡಾಕ್ಟರ್ ಆಗಬ್ಯಾಡ್ರಿ." ಮತ್ತೆ ಕೇಳಿದರೆ, "ನಂಬಿಕೆ ಇಲ್ಲಂದ್ರ ಬಳ್ಳಾರಿಗೆ ಒಯ್ಯಿರಿ." ವೆಂಟಿಲೇಟರಿನಲ್ಲಿರೋ ಕೂಸನ್ನ!

ಕೂಸು ಈಗ ಮನೆಯಲ್ಲಿದೆ, ಹುಷಾರಾಗಿದೆ. ಔಷಧಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಇದಕ್ಕೆ 1998ರಲ್ಲಿ ಒಪ್ಪಿಗೆ ಸಿಕ್ಕಿದ್ದು ಗಂಡಸರ ತೊಂದರೆಗೆ, 2005ರಲ್ಲಿ ದೊಡ್ಡವರ ಶ್ವಾಸಕೋಶದ ಬಿಪಿಗೆ. ಶ್ವಾಸಕೋಶದ ರಕ್ತನಾಳ ಬಿಚ್ಚಿಸೋ ನೈಟ್ರಿಕ್ ಆಕ್ಸೈಡ್ ಗ್ಯಾಸ್ ಸಿಗದ ಕಡೆ ಹಸುಗೂಸಿಗೂ ಕೊಡುತ್ತಾರೆ. ಒಪ್ಪಿಗೆ ಇಲ್ಲದ ರೋಗಕ್ಕೋ ವಯಸ್ಸಿಗೋ ಹೀಗೆ ಕೊಡೋದಕ್ಕೆ ಆಫ್-ಲೇಬಲ್ ಅಂತಾರೆ. ಹಸುಗೂಸುಗಳ ಮೇಲೆ ಪರೀಕ್ಷೆ ನಡೆದಿರೋದೇ ಕಡಿಮೆ, ಹಾಗಾಗಿ ಎನ್‌ಐಸಿಯುನಲ್ಲಿ ಇಂಥ ಔಷಧಿ ಬಹಳ. ಆದರೆ ಇದರಿಂದ ಇಡೀ ಮೈಯ ಬಿಪಿ ಇಳಿಯಬಹುದು ಅನ್ನೋದು ಅವರಿಗೆ ಗೊತ್ತಿತ್ತು. ನಮಗೆ ಹೇಳೋಕೆ ಎರಡು ನಿಮಿಷ ಸಾಕಿತ್ತು. ಎರಡೇ ನಿಮಿಷ.

ಪ್ರತಿ ಚೀಟಿಗೂ ಕೇಳಿ: ಯಾತಕ್ಕೆ, ಹಸುಗೂಸಿಗೆ ಒಪ್ಪಿಗೆ ಇರೋ ಔಷಧಿನಾ, ಏನು ತೊಂದರೆ ಆಗಬಹುದು? ಹಳೇ ತಾರೀಕಿನ ಕಾಗದಕ್ಕೆ ಸಹಿ ಹಾಕಲೇಬೇಡಿ, ಎಷ್ಟೇ ಗದರಿಸಲಿ. ಔಷಧಿಯಿಂದ ತೊಂದರೆ ಆಯಿತು ಅನಿಸಿದರೆ 1800-180-3024ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಉಚಿತ ನಂಬರ್. ಕೇಸ್ ಶೀಟ್ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮ ಇದೆ. ನಾವು ಬರೆದು ಕೊಟ್ಟಿದ್ದೇವೆ. ಹೋದಾಗಲೆಲ್ಲ "ನಾಳೆ ಬರ್ರಿ" ಅಂತಾರೆ.