ಭಿಗವಣದ ಚಳಿಗೆ ಕರಿ ಘೋಂಗಡಿ ಕಂಬಳಿ: ಎರಡು ಚಳಿಗಾಲ ಹೊದ್ದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಕ್ಯಾಮರಾ ಶಿಕಾರಿ. ನಿಜವಾದ ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಬಾಗಿಲು ಹಾಕಿದೆ, ಹಾಕಿದ್ದು ಒಳ್ಳೆಯದೇ ಆಯ್ತು. ಆದರೆ ಚಳಿಗೆ ಅದೆಲ್ಲ ಗೊತ್ತಾಗಲ್ಲ. ಕೈಯಲ್ಲಿ ಕೋವಿ ಇರಲಿ, ಲೆನ್ಸ್ ಇರಲಿ, ಬೆಳಗಿನ ಜಾವ ಅಲ್ಲಾಡದೆ ಎರಡು ತಾಸು ಕೂತವನನ್ನು ಅದು ಒಂದೇ ಥರ ಕೊರೆಯುತ್ತದೆ.

ಪುಣೆಯಲ್ಲಿ ಎಂಥಾ ಚಳಿ ಮಾರಾಯ ಅಂತ ಊರಲ್ಲಿ ನಗುತ್ತಾರೆ. ನಗಲಿ. ಡಿಸೆಂಬರ್ ಕೊನೆಗೆ ಇಲ್ಲಿ ಕೆಲವು ದಿನ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಆ ಹೊತ್ತಲ್ಲಿ ನಾಲ್ಕು ಗಂಟೆಗೆ ಎದ್ದು, ಸೋಲಾಪುರ ರಸ್ತೆಯಲ್ಲಿ ಹೆಚ್ಚುಕಡಿಮೆ ನೂರು ಕಿಲೋಮೀಟರ್ ಹೋಗಿ, ಭಿಗವಣದ ಹತ್ತಿರ ಉಜನಿ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಒದ್ದೆ ಮಣ್ಣಿನ ಮೇಲೆ ಹಕ್ಕಿಗೆ ಕಾದು ಕೂತು ನೋಡಿ, ಆಮೇಲೆ ಮಾತಾಡೋಣ.

ಮೊದಲ ವರ್ಷ ನಾನು ಹಾಕಿಕೊಂಡು ಹೋಗಿದ್ದು ಆನ್‌ಲೈನಲ್ಲಿ ತರಿಸಿದ ಜಾಕೆಟ್. ಯಾವ ಕಂಪನಿ ಅಂತ ಬೇಡ ಬಿಡಿ. 'ಪಕ್ಕಾ ಉಣ್ಣೆ' ಅಂತ ಬರೆದಿದ್ದರು. ಮೇಲೆ ನೈಲಾನು, ಒಳಗೆ ಮೆತ್ತಗಿನ ಉಣ್ಣೆ ಅಂತೆ. ಕೈ ಎತ್ತಿದರೆ ಸರಸರ, ಕ್ಯಾಮರಾ ತಿರುಗಿಸಿದರೆ ಸರಸರ. ಸುಪೆ ಹುಲ್ಲುಗಾವಲಿನಲ್ಲಿ ಒಂದು ಚಿಂಕಾರ ನನ್ನ ತೋಳಿನ ಸದ್ದಿಗೇ ಕಿವಿ ಎತ್ತಿತು, ಮರುಗಳಿಗೆಗೆ ಇರಲಿಲ್ಲ. ಸಿಟ್ಟಿಗೆ ಮನೆಗೆ ಬಂದು ಒಳಗಿನ ನಾಲ್ಕು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿದೆ. ನಿಜವಾದ ಉಣ್ಣೆ ಸುಟ್ಟರೆ ತಲೆಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನನ್ನದು ಕರಗಿ ಗಟ್ಟಿ ಮಣಿಯಾಯಿತು, ಪ್ಲಾಸ್ಟಿಕ್ ವಾಸನೆ ಬಂತು. ವಾಪಸ್ ತಗೊಳ್ಳಲಿಲ್ಲ, ಹತ್ತು ದಿನ ಮುಗಿದಿತ್ತಂತೆ.

ಆಗ ನೆನಪಾದವನು ಅಜ್ಜ. ಅಜ್ಜನ ಊರು ರಾಣೆಬೆನ್ನೂರು ಕಡೆ. ಕಾಯ್ದೆ ಬರುವ ಮುಂಚೆ ಅವನು ಮೊಲದ ಬೇಟೆಗೆ ಹೋಗುತ್ತಿದ್ದದ್ದು ಬರೀ ಒಂದು ಕಂಬಳಿ ಕೊಪ್ಪೆ ಹಾಕಿಕೊಂಡು. ದೇವರಗುಡ್ಡದ ಗೊರವಯ್ಯನ ಮೈಮೇಲೆ ಇರುವಂಥದ್ದೇ ಕರಿ ಉಣ್ಣೆ. ಇಲ್ಲಿ ಅದಕ್ಕೆ ಘೋಂಗಡಿ ಅನ್ನುತ್ತಾರೆ. ಅಲ್ಲಿ ಮೈಲಾರನಾದವನು ಇಲ್ಲಿ ಜೇಜುರಿಯಲ್ಲಿ ಖಂಡೋಬ ಆದ ಹಾಗೆ, ವಸ್ತು ಒಂದೇ, ಹೆಸರು ಬೇರೆ.

ಕೊಂಡದ್ದು ಭೀಮಥಡಿ ಜಾತ್ರೆಯಲ್ಲಿ. ಪ್ರತಿ ಡಿಸೆಂಬರಿಗೆ ಪುಣೆಯ ಕೃಷಿ ಕಾಲೇಜಿನ ಮೈದಾನದಲ್ಲಿ ಆಗುತ್ತದಲ್ಲ, ಅದೇ. ಜನ ಊಟದ ಸಾಲಿಗೆ ಮುಗಿಬೀಳುತ್ತಾರೆ, ಘೋಂಗಡಿ ಅಂಗಡಿ ಮುಂದೆ ಅಷ್ಟು ರಶ್ ಇರಲಿಲ್ಲ. ನಾನು ಹರಕುಮುರುಕು ಮರಾಠಿಯಲ್ಲಿ ಚೌಕಾಸಿ ಶುರು ಮಾಡಿದೆ. ಮಧ್ಯೆ ಹೆಂಡತಿ ಹತ್ತಿರ ತಿರುಗಿ "ಜಾಸ್ತಿ ಹೇಳ್ತಿದಾನೆ ಕಣೇ" ಅಂದೆ. ಅಂಗಡಿಯವ ನಕ್ಕ. "ಜಾಸ್ತಿ ಏನಿಲ್ರೀ ಸರ, ನಮ್ಮ ಮನ್ಯಾಗೂ ಕನ್ನಡಾನ ರೀ, ಜತ್ತ ಕಡ್ಯಾವ್ರು" ಅಂದ. ಇನ್ನೆಲ್ಲಿಯ ಚೌಕಾಸಿ! ಹೇಳಿದ 2,800 ರೂಪಾಯಿ ಕೊಟ್ಟೆ. ಆದರೆ ಬೆಂಕಿಕಡ್ಡಿ ಪರೀಕ್ಷೆ ಬಿಡಲಿಲ್ಲ. ಅವನೇ ಅಂಚಿನ ಎಳೆ ಕಿತ್ತು ಕೊಟ್ಟು, ಪಕ್ಕದಲ್ಲಿದ್ದ ಮೆತ್ತಗಿನ ಕಂಬಳಿ ತೋರಿಸಿ "ಅದು ಮಿಲ್ಲಿಂದು, ಅದನ್ನ ಸುಡಬ್ಯಾಡ್ರಿ, ನಗಿ ಆಗ್ತೈತಿ" ಅಂದ. ಈ ಪ್ರಾಮಾಣಿಕತೆಗೇ ಅರ್ಧ ಅಂಕ ಜಾಸ್ತಿ.

ನನ್ನದು ದಖ್ಖನಿ ಕುರಿಯ ಉಣ್ಣೆ, ಬಣ್ಣ ಹಾಕಿಲ್ಲ, ಕುರಿಯದ್ದೇ ಕಪ್ಪು. ಕುಣಿಮಗ್ಗದಲ್ಲಿ ನೇಯ್ದದ್ದು, ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟದ್ದು. ಅದಕ್ಕೇ ಹೊಸದರಲ್ಲಿ ಹಲಗೆ ಥರ ನಿಲ್ಲುತ್ತದೆ. ಎರಡೂವರೆ ಕಿಲೋ ಭಾರ. ಉದ್ದಕ್ಕೆ ಮಡಚಿ, ಒಂದು ಮೂಲೆ ಒಳಗೆ ತಳ್ಳಿ ತಲೆ ಮೇಲೆ ಹಾಕಿಕೊಂಡರೆ ಕೊಪ್ಪೆ ಆಯಿತು. ತಲೆ, ಬೆನ್ನು, ಮಂಡಿ ಎಲ್ಲ ಒಳಗೆ. ಲೆನ್ಸ್ ಕೂಡ ಒಳಗೆ. ಮುಂದೆ ಒಂದು ಕಿಂಡಿ ಬಿಟ್ಟರೆ ನೀವೊಂದು ಬಂಡೆ.

ಸದ್ದು? ಚೂರೂ ಇಲ್ಲ. ನನಗೆ ಅತೀ ಇಷ್ಟವಾಗಿದ್ದು ಇದೇ. ಎರಡನೆಯದು ಇಬ್ಬನಿ. ಹಿನ್ನೀರಿನ ದಂಡೆಯಲ್ಲಿ ಬೆಳಗಾಗುವಷ್ಟರಲ್ಲಿ ಮೇಲಿನ ಕೂದಲಿನ ಮೇಲೆಲ್ಲ ಸಣ್ಣ ಹನಿ ಕೂತಿರುತ್ತದೆ, ಕೊಡವಿದರೆ ಹೋಯ್ತು. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಹತ್ತಿ ಹಾಗಲ್ಲ, ನೆನೆದರೆ ಮೈಗೆ ಅಂಟಿ ಇರುವ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಮೂರನೆಯದು ಬೆಂಕಿ. ದೋಣಿಯವರು ದಂಡೆಯಲ್ಲಿ ಶೇಕೋಟಿ ಬೆಂಕಿ ಹಾಕಿರುತ್ತಾರೆ. ಗೆಳೆಯನ ಜಾಕೆಟ್ಟಿಗೆ ಒಂದು ಕಿಡಿ ಬಿದ್ದು ಅವರೆಕಾಳಿನಷ್ಟು ತೂತು ಬಿತ್ತು. ನನ್ನ ಘೋಂಗಡಿಗೆ ಬಿದ್ದ ಕಿಡಿ ಕೂದಲು ಕರಕಲು ಮಾಡಿ ತಾನೇ ಆರಿತು.

ಈಗ ಬೈಗುಳ. ಚುಚ್ಚುತ್ತದೆ. ಸ್ವಲ್ಪ ಅಲ್ಲ, ಕುತ್ತಿಗೆ ಕೆಂಪಾಗುವಷ್ಟು. ಮೆರಿನೋ ಕುರಿಯ ಎಳೆ ಸಣ್ಣದು, ಬಾಗುತ್ತದೆ. ದಖ್ಖನಿ ಎಳೆ ದಪ್ಪ, ಬಾಗದೆ ಸೀದಾ ಚರ್ಮಕ್ಕೆ ತಾಗುತ್ತದೆ. ಹಾಗಾಗಿ ಒಳಗೆ ಕಾಲರ್ ಇರುವ ತುಂಬು ತೋಳಿನ ಅಂಗಿ, ಕುತ್ತಿಗೆಗೆ ಒಂದು ಪಂಚೆ ತುಂಡು ಬೇಕೇ ಬೇಕು. ಮತ್ತೆ ಕೂದಲು ಉದುರುತ್ತದೆ. ಚಹಾದಲ್ಲಿ, ಬ್ಯಾಗಲ್ಲಿ, ಒಮ್ಮೆ ಲೆನ್ಸ್ ಬದಲಿಸುವಾಗ ಸೆನ್ಸರ್ ಮೇಲೆ. ಕಂಬಳಿಯಲ್ಲಿ ಕೂತು ಉಣ್ಣುತ್ತಾ ಕೂದಲು ಆರಿಸುವ ಗಾದೆ ಅಕ್ಷರಶಃ ನನ್ನದಾಯಿತು. ಮೊದಲ ತಿಂಗಳು ಕುರಿ ವಾಸನೆ ಕೂಡ ಇರುತ್ತದೆ. ಕಾರಿನಲ್ಲಿ ಕಿಟಕಿ ಇಳಿಸಿಕೊಂಡು ಬಂದೆವು, ಚಳಿಗಾಲದಲ್ಲಿ.

ನಡೆಯುವುದಕ್ಕಂತೂ ಇದು ಆಗಿಬರಲ್ಲ. ಸಿಂಹಗಡ ಹತ್ತುತ್ತೇನೆ ಅಂತ ಹೊದ್ದುಕೊಂಡು ಹೋಗಬೇಡಿ, ಅರ್ಧ ದಾರಿಗೆ ಬೆವತು ಕೈಯಲ್ಲಿ ಹೊತ್ತುಕೊಳ್ಳುತ್ತೀರಿ. ದೋಣಿಯಲ್ಲೂ ಕಷ್ಟ. ಕಾಲಿಗೆ ಸುತ್ತಿಕೊಳ್ಳುತ್ತದೆ, ಅಂಚು ನೀರಿಗೆ ಬಿದ್ದರೆ ಭಾರ ಎಳೆಯುತ್ತದೆ. ನಾನು ದೋಣಿ ಹತ್ತುವಾಗ ಮಡಚಿ ಹಲಗೆ ಮೇಲೆ ಹಾಕಿ ಕೂತುಬಿಡುತ್ತೇನೆ. "ರೋಹಿತ್ ಆಲೇ", ಅಂದರೆ ರೋಹಿತ್ ಬಂದವು, ಅಂತ ದೋಣಿಯವ ಕೂಗಿದಾಗ ಎರಡೂ ಕೈ ಖಾಲಿ ಇರಬೇಕಲ್ವಾ, ರಾಜಹಂಸಕ್ಕೆ ಇಲ್ಲಿ ರೋಹಿತ್ ಅಂತಲೇ ಹೆಸರು.

ಅಮೆರಿಕದಿಂದ ಭಾವ ಒಂದು ಉಣ್ಣೆ ಕೋಟು ತಂದುಕೊಟ್ಟಿದ್ದಾರೆ. ಕೆಂಪು-ಕಪ್ಪು ಚೌಕುಳಿ, ಅಲ್ಲಿ ಜಿಂಕೆ ಬೇಟೆಯವರು ಹಿಂದಿನಿಂದ ಹಾಕುವಂಥದ್ದು, ಮ್ಯಾಕಿನಾ ಬಟ್ಟೆ ಅಂತಾರೆ. ತೋಳು ಇದೆ, ಜೇಬು ಇದೆ, ನಡೆಯಬಹುದು, ಸದ್ದಿಲ್ಲ. ದೋಣಿಗೆ ಅದೇ ಸರಿ ಅಂತ ಒಪ್ಪಲೇಬೇಕು. ಆದರೆ ಅದರ ಬಣ್ಣದ ಲೆಕ್ಕ ಅಲ್ಲಿಯದು. ಜಿಂಕೆ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಮನುಷ್ಯರ ಕಣ್ಣಿಗೆ ಎದ್ದು ಕಾಣುತ್ತದೆ, ಹಾಗಾಗಿ ಇನ್ನೊಬ್ಬ ಬೇಟೆಗಾರ ಗುಂಡು ಹೊಡೆಯಲ್ಲ. ಹಕ್ಕಿಗಳಿಗೆ ನಮಗಿಂತ ಜಾಸ್ತಿ ಬಣ್ಣ ಕಾಣುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ನನ್ನ ಭಾವನ ಕೋಟು ನೋಡಿ ಹಾರಿಹೋದವು ಅಂದರೆ ನನಗೇ ಬೇಜಾರು.

ತೊಳೆಯುವ ವಿಷಯ ಚುಟುಕಾಗಿ ಹೇಳುತ್ತೇನೆ. ವಾಷಿಂಗ್ ಮಷಿನ್ನಿಗೆ ಹಾಕಲೇಬೇಡಿ. ಬಿಸಿ ನೀರು, ಉಜ್ಜಾಟ ಎರಡೂ ಸೇರಿದರೆ ಉಣ್ಣೆ ಮುದುಡಿ ಹೆಪ್ಪುಗಟ್ಟುತ್ತದೆ. ನಾನು ಎರಡು ವರ್ಷದಲ್ಲಿ ಒಂದೇ ಸಲ ತಣ್ಣೀರಲ್ಲಿ ಅದ್ದಿದ್ದೇನೆ. ಗಂಜಿ ಸ್ವಲ್ಪ ಹೋಯಿತು, ಮೆತ್ತಗಾಯಿತು, ಅದು ಲಾಭವೇ. ಉಳಿದಂತೆ ಬಿಸಿಲಿಗೆ ಹಾಕಿ ಬಡಿದರೆ ಸಾಕು. ಮಳೆಗಾಲದಲ್ಲಿ ಬೇವಿನ ಸೊಪ್ಪಿಟ್ಟು ಸುತ್ತಿಡಿ, ಇಲ್ಲದಿದ್ದರೆ ನುಸಿ ತಿನ್ನುತ್ತದೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಕಾದು ಕೂರುವವರು ಕಣ್ಣುಮುಚ್ಚಿ ಕೊಳ್ಳಿ, ಓಡಾಡುವವರು ಬೇರೆ ನೋಡಿಕೊಳ್ಳಿ. ಒಂದು ಅಂಕ ಹಿಡಿದದ್ದು ಚುಚ್ಚುವುದಕ್ಕಲ್ಲ, ಬಣ್ಣಕ್ಕೆ, ಅದೂ ನನ್ನದೇ ತಪ್ಪು. ಬೆಳಕು ಹರಿಯುವ ತನಕ ಕಪ್ಪು ಪರವಾಗಿಲ್ಲ. ಬಿಸಿಲು ಬಿದ್ದ ಮೇಲೆ ಸುಪೆಯ ಒಣ ಹುಲ್ಲಿನ ನಡುವೆ ನಾನು ಕರಡಿ ಥರ ಕಾಣುತ್ತಿದ್ದೆನಂತೆ. ಈ ಸಲದ ಜಾತ್ರೆಯಲ್ಲಿ ಮತ್ತೆ ಅದೇ ಅಂಗಡಿ ಹುಡುಕಿ ಹೇಳಿಕೊಂಡೆ. ಅವನು ಕೆಳಗಿನಿಂದ ಬೂದು ಬಣ್ಣದ್ದೊಂದು ಎಳೆದು ಹಾಕಿದ. "ಹೋದ ವರ್ಷಾನ ಇದನ್ನ ತೋರಿಸಿದ್ದೆ ರೀ, ನೀವು ಅಜ್ಜನ ಬಣ್ಣ ಬೇಕು ಅಂದ್ರಿ" ಅಂದ.